ರಾಜೇಶ್ವರಿ ಚಟರ್ಜಿ ಮತ್ತು ನಮ್ಮ ಹಟ್ಟಿ ಹುಡುಗೀರು
(ನಾಗಲಮಡಿಕೆಯಲ್ಲಿ ಆಡಿದ ಮಾತು)



ನಮ್ಮ ಹೋಬಳಿಯ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪ್ಲೇಟು ನಿಂತಿವೆ. ವಿಜ್ಞಾನ ನಮ್ಮ ಹೊಲಕ್ಕೇ ಬಂತು. ನಮ್ಮವರಿಗೆ ಸಿಕ್ಕಿದ್ದು ಹುಲ್ಲು ಕೀಳೋದು, ಪ್ಲೇಟು ತೊಳೆಯೋದು. ಆ ವಿಜ್ಞಾನದ ಒಳಗೆ ಹೋಗೋ ದಾರಿ ಯಾವುದು? ಕನ್ನಡದ ಹೆಣ್ಣುಮಗಳೊಬ್ಬರು ನಡೆದ ದಾರಿ ಹೇಳ್ತೀವಿ, ಕೇಳಿ.

ರಾಜೇಶ್ವರಿ ಚಟರ್ಜಿ 1922ರಲ್ಲಿ ಹುಟ್ಟಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, ಸಂಶೋಧನೆ ಮಾಡ್ತೀನಿ ಅಂತ ಸಿ.ವಿ. ರಾಮನ್ ಬಳಿ ಹೋದರು. ಭೌತಶಾಸ್ತ್ರದ ಪದವಿ ಇಲ್ಲ ಅಂತ ರಾಮನ್ ಒಪ್ಪಲಿಲ್ಲ. ಅವರು ಮನೇಲಿ ಕೂರಲಿಲ್ಲ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ವಿದ್ಯುತ್ ವಿಭಾಗ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಪಿಎಚ್.ಡಿ. ಪಡೆದು ಬೆಂಗಳೂರಿಗೇ ಮರಳಿ ಮೈಕ್ರೋವೇವ್, ಆಂಟೆನಾ ವಿದ್ಯೆ ಕಲಿಸಿದರು. 20 ಮಂದಿಗೆ ಪಿಎಚ್.ಡಿ. ಮಾಡಿಸಿದರು.

ಅವರಿಗೆ ಛಲವಿತ್ತು, ನಿಜ. ಜೊತೆಗೆ ಪದವಿ ಓದಿದ ಅಜ್ಜಿ ಇದ್ದರು, ಸರ್ಕಾರದ ದುಡ್ಡಿತ್ತು. ನಮ್ಮ ಹಟ್ಟಿ ಹುಡುಗೀರಿಗೂ ಛಲ ಕಮ್ಮಿಯಿಲ್ಲ. ಓದಿದ ಅಜ್ಜೀನ ಎಲ್ಲಿಂದ ತರೋಣ? ಸ್ಕಾಲರ್‌ಶಿಪ್ಪಾದರೂ ಹೊತ್ತಿಗೆ ಸರಿಯಾಗಿ ಕೈಸೇರಬೇಕು. ಹೈಸ್ಕೂಲಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ ಮೇಷ್ಟ್ರು ಇರಬೇಕು. ಇದು ಭಿಕ್ಷೆಯಲ್ಲ, ನಮ್ಮ ಪಾಲು. ಬಾಯಿಬಿಟ್ಟು ಕೇಳೋಣ. ಪ್ಲೇಟು ತೊಳೆಯೋ ತಾಯಂದಿರ ಮಕ್ಕಳು ಆ ಪ್ಲೇಟಿನ ವಿದ್ಯೇನೂ ಕಲೀಲಿ.