ಗುಂಡಿಗೆಯ ಕರೆಂಟು



ನಮ್ಮ ಪಾವಗಡ, ಮಧುಗಿರಿ ಸೀಮೆಯಲ್ಲಿ ಬೋರ್‌ವೆಲ್ ಮೋಟಾರು ಎಲ್ಲರಿಗೂ ಗೊತ್ತು. ಕರೆಂಟು ಸರಿ ಇದ್ದರೆ ನೀರು ಬರುತ್ತೆ. ಏರುಪೇರಾದರೆ ಮೋಟಾರು ಕೆಡುತ್ತೆ.

ನಮ್ಮ ಗುಂಡಿಗೆಯೂ ಒಂದು ಮೋಟಾರು. ಅದು ರಕ್ತ ನೂಕುತ್ತೆ. ಅದಕ್ಕೂ ಕರೆಂಟು ಬೇಕು. ಆ ಸಣ್ಣ ಕರೆಂಟು ಗುಂಡಿಗೆಯಲ್ಲೇ ಹುಟ್ಟುತ್ತೆ. ಸುಮ್ಮನೆ ಕುಳಿತಾಗ ಗುಂಡಿಗೆ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತೆ. ಒಂದು ಬಡಿತ ಆದ ಮೇಲೆ ಗುಂಡಿಗೆ ಮತ್ತೆ ಸಜ್ಜಾಗಬೇಕು. ಸಜ್ಜಾಗುವುದು ತಡವಾದರೆ ತಾಳ ತಪ್ಪಬಹುದು.

ತಾಳ ತಪ್ಪಿದರೆ ಎದೆ ಡವಡವ ಅನ್ನುತ್ತೆ. ಕಣ್ಣು ಕತ್ತಲೆ ಬರುತ್ತೆ. ಎಚ್ಚರ ತಪ್ಪಬಹುದು. ಜೀವವೂ ಹೋಗಬಹುದು. ಕೆಲವರು ಗಾಳಿ ಸೋಕಿದೆ ಅಂತಾರೆ. ತಾಯಿತ ಕಟ್ಟಿಸ್ತಾರೆ. ಅಷ್ಟರಲ್ಲಿ ಹೊತ್ತು ಮೀರುತ್ತೆ.

ಗುಂಡಿಗೆ ರೋಗ ಇದ್ದವರಿಗೆ ಇದು ಯಾಕೆ ಆಗುತ್ತೆ?

ಒಂದು, ಹಳೆಯ ಗಾಯ. ಹಾರ್ಟ್ ಅಟ್ಯಾಕ್ ಆದ ಗುಂಡಿಗೆಯಲ್ಲಿ ಕಲೆ ಉಳಿಯುತ್ತೆ. ಅಲ್ಲಿ ಕರೆಂಟು ಸರಾಗವಾಗಿ ಹರಿಯಲ್ಲ. ಬಹಳ ಕಾಲ ಬಿ.ಪಿ. ಹೆಚ್ಚಿದ್ದರೆ ಗುಂಡಿಗೆ ದಪ್ಪಗಾಗುತ್ತೆ. ಆಗಲೂ ತಾಳ ಕೆಡಬಹುದು.

ಎರಡು, ಲವಣದ ಕೊರತೆ. ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಲವಣಗಳಿವೆ. ಇವು ಅಡಿಗೆ ಉಪ್ಪಲ್ಲ. ವಾಂತಿ ಭೇದಿಯಲ್ಲಿ ಇವು ಹೊರಟು ಹೋಗುತ್ತವೆ. ಕಾಲಿನ ಬಾವು ಇಳಿಯಲು ಕೊಡುವ ಮಾತ್ರೆಯಿಂದ ಉಚ್ಚೆ ಹೆಚ್ಚಾಗುತ್ತೆ. ಅದರ ಜೊತೆಗೂ ಹೋಗುತ್ತವೆ. ಹಾಗಂತ ನಾವೇ ಮಾತ್ರೆ ನಿಲ್ಲಿಸಬಾರದು. ಡಾಕ್ಟರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಬೇಕು.

ಮೂರು, ಬೇರೆ ಕಾಯಿಲೆಯ ಔಷಧಿ. ಸೋಂಕಿಗೆ ಕೊಡುವ ಅಜಿತ್ರೋಮೈಸಿನ್, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಅಂಥವು. ಇವು ಒಳ್ಳೆಯ ಔಷಧಿಗಳೇ. ಆದರೆ ರೋಗ ಇರುವ ಗುಂಡಿಗೆಗೆ ಅಪಾಯ ಹೆಚ್ಚು. ಗಂಡಸರಿಗಿಂತ ನಮ್ಮ ಗುಂಡಿಗೆ ಸಜ್ಜಾಗಲು ತುಸು ಹೆಚ್ಚು ಹೊತ್ತು ಬೇಕು. ಆದ್ದರಿಂದ ಔಷಧಿಯಿಂದ ಆಗುವ ಈ ತೊಂದರೆ ಹೆಂಗಸರಿಗೇ ಜಾಸ್ತಿ.

ಇದನ್ನು ಕಂಡುಹಿಡಿಯೋದು ಇ.ಸಿ.ಜಿ. ಪರೀಕ್ಷೆ. ಎದೆಗೆ, ಕೈಕಾಲಿಗೆ ತಂತಿ ಹಚ್ಚುತ್ತಾರೆ. ಶಾಕ್ ಹೊಡೆಯಲ್ಲ, ಹೆದರಬೇಡಿ. ನಮ್ಮ ಗುಂಡಿಗೆಯ ಕರೆಂಟೇ ಕಾಗದದ ಮೇಲೆ ಗೆರೆಯಾಗಿ ಮೂಡುತ್ತೆ. ಸಜ್ಜಾಗಲು ಎಷ್ಟು ಹೊತ್ತಾಯಿತು ಅಂತ ಡಾಕ್ಟರು ಆ ಗೆರೆ ಅಳೆದು ಹೇಳ್ತಾರೆ. ದೊಡ್ಡ ತೊಂದರೆ ಇದ್ದರೆ ಬೆಂಗಳೂರಿನಲ್ಲಿ ಸರ್ಕಾರದ ಜಯದೇವ ಆಸ್ಪತ್ರೆ ಇದೆ.

ಅಕ್ಕಂದಿರೆ, ಈಗ ನಮಗೆ ಓದು ಬರಹ ಬಂದಿದೆ. ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿದ್ದರೆ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳೋಣ. ಹಳೇ ಚೀಟಿ, ಇ.ಸಿ.ಜಿ. ಕಾಗದ ಒಂದು ಚೀಲದಲ್ಲಿ ಇಡೋಣ. ಯಾವ ಡಾಕ್ಟರ ಹತ್ತಿರ ಹೋದರೂ, "ನನಗೆ ಗುಂಡಿಗೆ ಕಾಯಿಲೆ ಇದೆ, ಈ ಮಾತ್ರೆ ತಗೋತೀನಿ" ಅಂತ ಮೊದಲೇ ಹೇಳೋಣ. ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗೋದು ಬೇಡ. ಯಾರಾದರೂ ಎಚ್ಚರ ತಪ್ಪಿದರೆ ತಕ್ಷಣ 108ಕ್ಕೆ ಫೋನು ಮಾಡೋಣ.

ಓದಿ, ಹೇಳಿ:
1. ಗುಂಡಿಗೆಯ ತಾಳ ತಪ್ಪಲು ಮೂರು ಕಾರಣ ಯಾವುವು?
2. ನಿಮ್ಮ ಮನೆಯಲ್ಲಿ ಯಾರು ಯಾವ ಮಾತ್ರೆ ತಗೋತಾರೆ? ಬರೆಯಿರಿ.