ಅಗೆದ ಮೇಲೆ ಉಳಿಯುವುದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಗಣಿಗಾರಿಕೆ ಮತ್ತು ಸ್ವಚ್ಛ ತಂತ್ರಜ್ಞಾನ’. ನಾನು ಗಣಿಯಲ್ಲಿ ಕೆಲಸ ಮಾಡಿದವನಲ್ಲ. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಯಂತ್ರಗಳಿಗೆ ಕೂರಿಸಿದ ಸೆನ್ಸರ್‌ಗಳು ಕಳಿಸುವ ಅಂಕಿಗಳನ್ನು ಒಟ್ಟುಮಾಡಿ ಓದುವ ಹಾಗೆ ತೋರಿಸುವುದು ನನ್ನ ದಿನದ ಕೆಲಸ. ಆದರೂ ಈ ವಿಷಯವನ್ನು ಒಪ್ಪಿಕೊಂಡೆ. ನಮ್ಮ ಗದ್ದೆ, ತೋಟ, ಮನೆ ಎಲ್ಲವೂ ಕುಮುದ್ವತಿಯ ನೀರನ್ನು ನಂಬಿಕೊಂಡಿವೆ. ಹೊಳೆ ನಂಬಿದವರು ಹೊಳೆಯ ಮೇಲ್ಗಡೆ ಏನು ನಡೆಯುತ್ತದೆ ಎಂದು ತಿಳಿದಿರಬೇಕು. ಹಾಗಾಗಿ ಇವತ್ತು ಎರಡು ಗಣಿಗಳ ಸಂಗತಿ ಹೇಳುತ್ತೇನೆ. ಒಂದು ನಮ್ಮ ನೆರೆಯ ಜಿಲ್ಲೆಯ ಕುದುರೆಮುಖ. ಇನ್ನೊಂದು ಕೆನಡಾ ದೇಶದ ತೈಲ ಮರಳಿನ ಗಣಿ.

ಕುದುರೆಮುಖ ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಭದ್ರೆ ಹುಟ್ಟುವ ಸೀಮೆಯಲ್ಲಿ. ಭದ್ರೆ ಅಲ್ಲಿಂದ ಇಳಿದು ಲಕ್ಕವಳ್ಳಿಯ ಅಣೆಕಟ್ಟೆ, ಭದ್ರಾವತಿ ದಾಟಿ ಕೂಡಲಿಯಲ್ಲಿ ತುಂಗೆಯನ್ನು ಕೂಡುತ್ತಾಳೆ. ನಮ್ಮ ಕುಮುದ್ವತಿಯೂ ಕೊನೆಗೆ ಸೇರುವುದು ಅದೇ ತುಂಗಭದ್ರೆಯನ್ನು.

ಅಲ್ಲಿ ಗಣಿ ಮಾಡಲು 1976ರಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಇರಾನ್ ದೇಶ ಹಣ ಕೊಟ್ಟು ಅದಿರು ಕೊಳ್ಳುವುದಾಗಿ ಒಪ್ಪಂದವಾಗಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿಯಿತು, ಗಣಿ ಮಾತ್ರ ಮುಂದುವರಿಯಿತು. ವರ್ಷಕ್ಕೆ 75 ಲಕ್ಷ ಟನ್ ಹದಗೊಳಿಸಿದ ಅದಿರು ತೆಗೆಯುವ ಸಾಮರ್ಥ್ಯದ ದೊಡ್ಡ ಯೋಜನೆ ಅದು. ಕಾಡಿನ ನಡುವೆ ಒಂದು ಪಟ್ಟಣವೇ ಎದ್ದಿತು, ಸಾವಿರಾರು ಕುಟುಂಬಗಳಿಗೆ ಅನ್ನ ಸಿಕ್ಕಿತು.

ಆ ಅದಿರು ಬಳ್ಳಾರಿಯದರಂತೆ ಗಟ್ಟಿ ಅದಿರಲ್ಲ. ಅದರಲ್ಲಿ ಕಬ್ಬಿಣದ ಅಂಶ ಶೇಕಡ 40ಕ್ಕೂ ಕಡಿಮೆ. ಹಾಗಾಗಿ ಕಲ್ಲನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕದಡಿ, ಅಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನು ಬೇರೆ ಮಾಡಬೇಕಿತ್ತು. ಸುಮಾರು ಮೂರು ಟನ್ ಅಗೆದರೆ ಒಂದು ಟನ್ ಕೈಗೆ ಬರುತ್ತಿತ್ತು. ಬಂದ ಪುಡಿಯನ್ನು ನೀರಿನ ಜೊತೆ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಇಳಿಸುತ್ತಿದ್ದರು. ಇದನ್ನು ಮೆಚ್ಚಲೇಬೇಕು. ಆ ಕೊಳವೆ ಇಲ್ಲದಿದ್ದರೆ ಘಟ್ಟದ ದಾರಿಯಲ್ಲಿ ದಿನಕ್ಕೆ ಎಷ್ಟು ಲಾರಿಗಳು ಓಡಬೇಕಿತ್ತು, ಎಷ್ಟು ಡೀಸೆಲ್ ಹೊಗೆಯಾಗಬೇಕಿತ್ತು, ನೀವೇ ಲೆಕ್ಕ ಹಾಕಿ. ‘ಸ್ವಚ್ಛ ತಂತ್ರಜ್ಞಾನ’ ಎಂಬ ಮಾತು ಚಾಲ್ತಿಗೆ ಬರುವ ಮೊದಲೇ ನಮ್ಮವರು ಮಾಡಿದ ಕೆಲಸ ಅದು.

ಹಾಗಾದರೆ ಉಳಿದ ಎರಡು ಟನ್ ಎಲ್ಲಿಗೆ ಹೋಯಿತು? ನನ್ನ ಮಾತಿನ ತಿರುಳು ಇರುವುದು ಈ ಪ್ರಶ್ನೆಯಲ್ಲಿ.

ತುಪ್ಪ ಕಾಯಿಸಿದರೆ ತಳದಲ್ಲಿ ಗಸಿ ಉಳಿಯುತ್ತದಲ್ಲ, ಹಾಗೆ ಗಣಿಯಲ್ಲೂ ಗಸಿ ಉಳಿಯುತ್ತದೆ. ಅರೆದ ಕಲ್ಲಿನ ಸಣ್ಣ ಪುಡಿ, ನೀರಿನೊಂದಿಗೆ ಕಲೆತ ಕೆಸರು. ಇದನ್ನು ಹೊಳೆಗೆ ಬಿಡಬಾರದೆಂದೇ ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟೆ ಕಟ್ಟಿ, ಅದರ ಹಿಂದೆ ಗಸಿಯನ್ನು ತುಂಬಿದರು. ಆದರೆ ಅದು ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುವ ಜಾಗ. ಅಗೆದ ಬೆಟ್ಟದ ಮೈಮೇಲೆ ಆ ಮಳೆ ಬಿದ್ದಾಗ ಹೂಳು ಭದ್ರೆಗೆ ಇಳಿಯುತ್ತದೆ ಎಂಬ ದೂರು ಎದ್ದಿತು. ಆ ಪ್ರದೇಶ ಅಷ್ಟರಲ್ಲಿ ರಾಷ್ಟ್ರೀಯ ಉದ್ಯಾನದ ಭಾಗವೂ ಆಗಿತ್ತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿನ್ನಪ್ಪ ಅವರು ಸುಪ್ರೀಂ ಕೋರ್ಟ್‌ಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಕೆಲಸ ಕಳೆದುಕೊಂಡವರ ಕಷ್ಟ ಸಣ್ಣದಲ್ಲ, ಅದನ್ನು ಮರೆತು ಮಾತಾಡಬಾರದು.

ಗಣಿ ನಿಂತು ಎರಡು ದಶಕವಾಯಿತು. ಅದಿರು ಹಡಗು ಹತ್ತಿ ಹೋಗಿ ಎಲ್ಲೆಲ್ಲೋ ಸೇತುವೆ, ಕಾರು, ಕಟ್ಟಡವಾಗಿದೆ. ಗಸಿ ಮಾತ್ರ ಲಕ್ಯಾದ ಅಣೆಕಟ್ಟೆಯ ಹಿಂದೆ ಹಾಗೇ ಕೂತಿದೆ. ಗಣಿಯ ಆಯುಷ್ಯ ಮೂವತ್ತು ವರ್ಷವೂ ಇರಲಿಲ್ಲ. ಆ ಅಣೆಕಟ್ಟೆಯನ್ನು ಕಾಯಬೇಕಾದ ಅವಧಿಗೆ ಕೊನೆಯೇ ಇಲ್ಲ. ಪ್ರತಿ ಮಳೆಗಾಲದಲ್ಲೂ ಯಾರಾದರೂ ಅದರ ಮೇಲೆ ಕಣ್ಣಿಟ್ಟಿರಬೇಕು.

ಇನ್ನು ಕೆನಡಾಕ್ಕೆ ಹೋಗೋಣ. ಅಲ್ಲಿ ಆಲ್ಬರ್ಟಾ ಎಂಬ ಪ್ರಾಂತ್ಯದಲ್ಲಿ ಅಥಬಾಸ್ಕಾ ಎಂಬ ನದಿ ಹರಿಯುತ್ತದೆ. ಅದರ ಆಚೀಚೆಯ ನೆಲದಲ್ಲಿ ಮರಳಿನ ಕಣಕಣಕ್ಕೂ ಟಾರಿನಂಥ ಗಟ್ಟಿ ಎಣ್ಣೆ ಅಂಟಿಕೊಂಡಿದೆ. ಅದೇ ತೈಲ ಮರಳು. ಜಿಡ್ಡು ಹತ್ತಿದ ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದಂತೆ ಮರಳನ್ನು ತೊಳೆದರೆ ಎಣ್ಣೆ ಮೇಲೆ ತೇಲುತ್ತದೆ. ಕಾರ್ಲ್ ಕ್ಲಾರ್ಕ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಈ ವಿಧಾನವನ್ನು ರೂಪಿಸಿದರು. 1967ರಲ್ಲಿ ದೊಡ್ಡ ಪ್ರಮಾಣದ ಗಣಿ ಶುರುವಾಯಿತು. ಒಂದು ಬ್ಯಾರಲ್, ಅಂದರೆ 159 ಲೀಟರ್ ಎಣ್ಣೆಗೆ ಸುಮಾರು ಎರಡು ಟನ್ ಮರಳನ್ನು ಅಗೆದು ತೊಳೆಯಬೇಕು.

ತೊಳೆದ ಮೇಲೆ ಅಲ್ಲೂ ಗಸಿಯೇ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಒಂದು ಬಾಟಲಿಗೆ ಕೆರೆಯ ಮಣ್ಣು, ನೀರು ಹಾಕಿ ಕುಲುಕಿ ಇಡಿ. ಮರಳು ನಿಮಿಷದಲ್ಲಿ ತಳ ಸೇರುತ್ತದೆ. ಸಣ್ಣ ಜೇಡಿಯ ಕಣಗಳು ಮಾತ್ರ ದಿನಗಟ್ಟಲೆ ತೇಲುತ್ತವೆ. ಆ ಕಣಗಳಿಗೆಲ್ಲ ಒಂದೇ ಬಗೆಯ ವಿದ್ಯುದಂಶವಿರುತ್ತದೆ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತಾ ಕೂಡಿಕೊಳ್ಳದೆ ಉಳಿಯುತ್ತವೆ. ಆಲ್ಬರ್ಟಾದ ಕೊಳಗಳಲ್ಲಿ ಈ ಕಣಗಳು ದಶಕಗಳಾದರೂ ಪೂರ್ತಿ ತಳ ಕಂಡಿಲ್ಲ. ಇವತ್ತು ಅಲ್ಲಿರುವ ಇಂಥ ಗಸಿನೀರು ಒಂದು ಲಕ್ಷ ಕೋಟಿ ಲೀಟರ್‌ಗೂ ಹೆಚ್ಚು. 2008ರ ಏಪ್ರಿಲ್‌ನಲ್ಲಿ ವಲಸೆ ಬಂದ ಬಾತುಕೋಳಿಗಳು ಇದನ್ನು ಕೆರೆಯೆಂದು ತಿಳಿದು ಇಳಿದವು. ಮೇಲೆ ತೇಲುತ್ತಿದ್ದ ಎಣ್ಣೆ ರೆಕ್ಕೆಗೆ ಮೆತ್ತಿ ಸುಮಾರು 1,600 ಹಕ್ಕಿಗಳು ಸತ್ತವು. ಸಿಂಕ್ರೂಡ್ ಕಂಪನಿಗೆ ನ್ಯಾಯಾಲಯ 30 ಲಕ್ಷ ಡಾಲರ್ ದಂಡ ಹಾಕಿತು.

ಎಂಜಿನಿಯರುಗಳು ಕೈಕಟ್ಟಿ ಕೂತಿಲ್ಲ. ನಮ್ಮ ಅಜ್ಜಿಯಂದಿರು ಕದಡಿದ ನೀರಿಗೆ ಪಟಿಕ ತಿರುಗಿಸುತ್ತಿದ್ದರು, ಕಣಗಳು ಕೂಡಿಕೊಂಡು ತಳಕ್ಕಿಳಿಯುತ್ತಿದ್ದವು. ಅಲ್ಲಿ ಅದೇ ಕೆಲಸಕ್ಕೆ ಪಾಲಿಮರ್ ಎಂಬ ರಾಸಾಯನಿಕ ಬಳಸುತ್ತಾರೆ. ಹಾಲಿನಿಂದ ಕೆನೆ ತೆಗೆಯುವ ಯಂತ್ರದಂತೆ ಗಸಿಯನ್ನು ರಭಸವಾಗಿ ತಿರುಗಿಸಿ ನೀರನ್ನು ಬೇರೆ ಮಾಡುತ್ತಾರೆ. ಆ ನೀರಿನ ಬಹುಪಾಲನ್ನು ಮತ್ತೆ ಮರಳು ತೊಳೆಯಲು ಬಳಸುತ್ತಾರೆ. ಸನ್‌ಕೋರ್ ಕಂಪನಿ ತನ್ನ ಮೊದಲ ಕೊಳವನ್ನು 2010ರ ಹೊತ್ತಿಗೆ ಮುಚ್ಚಿ, ಮಣ್ಣು ಹಾಸಿ, ಗಿಡ ನೆಟ್ಟಿತು. ತೈಲ ಮರಳಿನ ಎಣ್ಣೆಯನ್ನು ಹದಗೊಳಿಸುವ ಕಡೆ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಸುಮಾರು ಎರಡು ಕಿ.ಮೀ. ಆಳದ ಬಂಡೆಯೊಳಗೆ ತುಂಬುವ ‘ಕ್ವೆಸ್ಟ್’ ಯೋಜನೆ 2015ರಲ್ಲಿ ಶುರುವಾಯಿತು. ವರ್ಷಕ್ಕೆ ಸುಮಾರು 10 ಲಕ್ಷ ಟನ್ ಅನಿಲ ಹೀಗೆ ನೆಲ ಸೇರುತ್ತದೆ. 400 ಟನ್ ಹೊರುವ ಲಾರಿಗಳು ಚಾಲಕನಿಲ್ಲದೆ ಓಡುತ್ತವೆ. ನನ್ನಂಥ ಸಾಫ್ಟ್‌ವೇರ್‌ನವನಿಗೆ ಇದೆಲ್ಲ ಕಣ್ಣರಳಿಸುವ ಸಂಗತಿ.

ಆದರೆ ಅಷ್ಟು ಮುಂದುವರಿದ ಜಾಗದಲ್ಲಿ ಏನಾಯಿತು ಕೇಳಿ. 2022ರ ಮೇ ತಿಂಗಳಲ್ಲಿ ಇಂಪೀರಿಯಲ್ ಆಯಿಲ್ ಕಂಪನಿಯ ಕರ್ಲ್ ಎಂಬ ಗಣಿಯ ಬಳಿ ಬಣ್ಣಗೆಟ್ಟ ನೀರು ಕಂಡಿತು. ಅದು ಗಸಿಕೊಳದ ಸೋರಿಕೆ. ಹೊಳೆಯ ಕೆಳಗಡೆ ಮೂಲನಿವಾಸಿಗಳು ಇದ್ದಾರೆ. ಮೀನು ಹಿಡಿಯುವವರು, ಬೇಟೆಯಾಡುವವರು. ಅವರಿಗೆ ಸೋರಿಕೆಯ ನಿಜವಾದ ವಿವರ ತಿಳಿದದ್ದು 2023ರ ಫೆಬ್ರವರಿಯಲ್ಲಿ, ಅದೂ ಅದೇ ಗಣಿಯಲ್ಲಿ ಮತ್ತೊಂದು ಅವಘಡವಾಗಿ 53 ಲಕ್ಷ ಲೀಟರ್ ಗಸಿನೀರು ಉಕ್ಕಿ ಹರಿದ ಮೇಲೆ. ನಡುವಿನ ಒಂಬತ್ತು ತಿಂಗಳು ಅವರು ಆ ವಿವರ ತಿಳಿಯದೆ ಆ ನೆಲದ ಮೀನು, ಮಾಂಸ ತಿಂದಿದ್ದರು. ಕಂಪನಿಯ ಮುಖ್ಯಸ್ಥರು ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು.

ಅಲ್ಲಿ ಅಳೆಯುವ ಉಪಕರಣಗಳಿದ್ದವು, ಓದುವ ಎಂಜಿನಿಯರುಗಳಿದ್ದರು, ಮೇಲ್ವಿಚಾರಣೆಗೆ ಸರ್ಕಾರದ ಸಂಸ್ಥೆಯೂ ಇತ್ತು. ಅಂಕಿಗಳು ಕಂಪ್ಯೂಟರಿನಲ್ಲಿದ್ದವು, ಆ ನೀರು ಕುಡಿಯುವವನ ಕೈಗೆ ಬರಲಿಲ್ಲ. ಅಂಕಿಗಳನ್ನೇ ಕಸುಬು ಮಾಡಿಕೊಂಡ ನಾನು ಹೇಳಬೇಕಾದ ಮಾತು ಇದು. ಯಾವುದಾದರೂ ಯೋಜನೆಗೆ ‘ಸ್ವಚ್ಛ’ ಎಂಬ ಹೆಸರು ಹಾಕಿಕೊಂಡು ಬಂದವರನ್ನು ಎರಡು ಪ್ರಶ್ನೆ ಕೇಳಿ. ನಿಮ್ಮ ಗಸಿ ಎಲ್ಲಿ ಕೂರುತ್ತದೆ, ನೀವು ಹೋದ ಮೇಲೆ ಅದನ್ನು ಯಾರು ಕಾಯುತ್ತಾರೆ? ನೀವು ಅಳೆದದ್ದನ್ನು ಹೊಳೆಯ ಕೆಳಗಿನವರಿಗೆ ಅದೇ ದಿನ ಹೇಳುತ್ತೀರಾ? ಇವಕ್ಕೆ ಉತ್ತರವಿಲ್ಲದಿದ್ದರೆ ಯಂತ್ರ ಎಷ್ಟು ಹೊಸದಾದರೂ ಆ ಯೋಜನೆ ಸ್ವಚ್ಛವಲ್ಲ.

ಈ ಪ್ರಶ್ನೆಗಳನ್ನು ನಮಗೂ ಕೇಳಿಕೊಳ್ಳಬೇಕು. ಕುಮುದ್ವತಿ ಹೊಸನಗರ ತಾಲ್ಲೂಕಿನ ಹುಂಚದ ಕಡೆಯಿಂದ ಬರುತ್ತಾಳೆ. ಆ ಕಡೆಯವರಿಗೆ ನಾವು ಕೆಳಗಿನವರು. ಅಂಜನಾಪುರದ ಜಲಾಶಯ ದಾಟಿದ ನೀರು ಮಾಸೂರಿನ ಮದಗದ ಕೆರೆಯ ಕಡೆ ಹೋಗುತ್ತದೆ. ಆ ಊರುಗಳಿಗೆ ನಾವು ಮೇಲಿನವರು. ನಮ್ಮ ಜೋಳದ ಹೊಲದ ಕಳೆನಾಶಕ, ತೋಟದ ಔಷಧಿ, ಸಂತೆಯ ಪ್ಲಾಸ್ಟಿಕ್, ಮಳೆಯಲ್ಲಿ ಕೊಚ್ಚಿಹೋಗುವ ಮೇಲ್ಮಣ್ಣು, ಇವೆಲ್ಲ ನಮ್ಮ ಗಸಿ. ದೊಡ್ಡ ಗಣಿಯವರನ್ನು ಪ್ರಶ್ನಿಸುವ ಹಕ್ಕು ಬೇಕೆಂದರೆ ನಮ್ಮ ಲೆಕ್ಕವೂ ನಮಗೆ ಗೊತ್ತಿರಬೇಕು.

ಅದಕ್ಕೆ ಒಂದು ಸಣ್ಣ ಸಲಹೆ. 1865ರಲ್ಲಿ ಇಟಲಿಯ ಪಾದ್ರಿ, ವಿಜ್ಞಾನಿ ಏಂಜೆಲೊ ಸೆಕ್ಕಿ ಒಂದು ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಎಷ್ಟು ಆಳದಲ್ಲಿ ಅದು ಕಣ್ಮರೆಯಾಗುತ್ತದೆ ಎಂದು ಅಳೆದರು. ನೀರು ಎಷ್ಟು ತಿಳಿಯಾಗಿದೆ ಎಂದು ತಿಳಿಯಲು ಇಂದಿಗೂ ವಿಜ್ಞಾನಿಗಳು ಇದನ್ನೇ ಬಳಸುತ್ತಾರೆ. ನಮ್ಮ ಶಾಲೆಯ ಮಕ್ಕಳು ವಿಜ್ಞಾನ ಶಿಕ್ಷಕರ ಜೊತೆ ಸುರಕ್ಷಿತವಾದ ಜಾಗದಿಂದ ವಾರಕ್ಕೊಮ್ಮೆ ಜಲಾಶಯದಲ್ಲಿ ಹೀಗೆ ಅಳೆಯಲಿ. ಜೊತೆಗೆ ಶಾಲೆಯ ಅಂಗಳದಲ್ಲಿ ಮಳೆಮಾಪಕ ಇರಲಿ. ದಿನಾಂಕ, ಮಳೆ, ತಟ್ಟೆಯ ಆಳ, ಮೂರೇ ಕಾಲಂ. ಆ ಅಂಕಿಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ, ಮಾಸೂರಿನ ಶಾಲೆಗೂ ಕಳಿಸಲಿ. ತಟ್ಟೆ, ಹಗ್ಗ, ಮಳೆಮಾಪಕ, ರಿಜಿಸ್ಟರ್ ನಮ್ಮ ತಂಡದ ಗೆಳೆಯರು ಕೊಡಿಸುತ್ತೇವೆ. ಅಂಕಿಗಳನ್ನು ಫೋನಿನಲ್ಲಿ ನೋಡುವ ಹಾಗೆ ಪ್ರೋಗ್ರಾಂ ಬರೆದುಕೊಡುವುದು ನನ್ನ ಪಾಲಿನ ಕೆಲಸ.

ಈ ಶಾಲೆಗೆ ನೂರು ತುಂಬುವ ಹೊತ್ತಿಗೆ ಅದೇ ರಿಜಿಸ್ಟರಿನಲ್ಲಿ ಐವತ್ತು ವರ್ಷದ ನೀರಿನ ಲೆಕ್ಕ ಇರುತ್ತದೆ. ಆಗ ಹೊಳೆಯ ಮೇಲ್ಗಡೆ ಯಾರಾದರೂ ಏನಾದರೂ ಮಾಡಲು ಬಂದು ‘ನಿಮ್ಮ ನೀರು ಮೊದಲಿಂದಲೂ ಹೀಗೇ ಇತ್ತು’ ಎಂದರೆ, ನಮ್ಮ ಮಕ್ಕಳು ಪುಟ ತೆರೆದು ತೋರಿಸಬಹುದು.