ಮಂಗಳದ ಮೇಲೆ ಇನ್ನೊಂದು

ಜಾಝ್ ವೈಬ್ರಫೋನ್ ವಾದಕ ಲೆಮ್ ವಿಂಚೆಸ್ಟರ್ ಹೆಸರೆತ್ತಿದರೆ ಎರಡು ಸಂಗತಿ ಬಂದೇ ಬರುತ್ತವೆ. ಅವರು ಅಮೆರಿಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ಊರಿನಲ್ಲಿ ಪೊಲೀಸರಾಗಿದ್ದರು. 1961ರ ಜನವರಿಯಲ್ಲಿ ರಿವಾಲ್ವರ್ ಹಿಡಿದು ಏನೋ ಚಮತ್ಕಾರ ತೋರಿಸಲು ಹೋಗಿ, 32ನೇ ವಯಸ್ಸಿಗೇ ತೀರಿಕೊಂಡರು. ಅವರ ಬದುಕಿನ ಬಗ್ಗೆ ಇಷ್ಟು ಸಾಕು. ಇವತ್ತು ನನ್ನ ತಕರಾರಿರುವುದು ‘ಅನದರ್ ಓಪಸ್’ ಆಲ್ಬಮ್ಮಿನ ಮರುಮುದ್ರಣದ ಬಗ್ಗೆ.

ಮೂಲ ಆಲ್ಬಮ್ 1960ರ ಜೂನ್‌ನಲ್ಲಿ ಧ್ವನಿಮುದ್ರಿಸಿದ್ದು. ಫ್ರಾಂಕ್ ವೆಸ್ ಅವರ ಕೊಳಲು, ಹ್ಯಾಂಕ್ ಜೋನ್ಸ್ ಪಿಯಾನೊ. ವೈಬ್ರಫೋನ್ ಎಂದರೆ ಸಾಲಾಗಿ ಜೋಡಿಸಿದ ಅಲ್ಯೂಮಿನಿಯಂ ಪಟ್ಟಿಗಳು, ಅವುಗಳ ಕೆಳಗೆ ಕೊಳವೆಗಳು. ಕೊಳವೆಯ ಬಾಯಲ್ಲಿ ಮೋಟಾರಿನಿಂದ ಬಿಲ್ಲೆ ತಿರುಗಿದಾಗ ನಾದ ಅಲೆಯಾಡುತ್ತದೆ. ಪೆಡಲ್ ಮೇಲಿನ ಕಾಲು ತೆಗೆದರೆ ನಾದ ಅಲ್ಲಿಗೇ ಕಟ್. ಎಲ್ಲಿ ಹೊಡೆಯಬೇಕು ಎನ್ನುವಷ್ಟೇ ಎಲ್ಲಿ ಬಿಡಬೇಕು ಎಂಬುದೂ ಇಲ್ಲಿ ವಿದ್ಯೆ. ‘ಲೈಕ್ ಸಮ್‌ಒನ್ ಇನ್ ಲವ್’ ಕೇಳುವಾಗ ವಿಂಚೆಸ್ಟರ್ ಅವರ ಆ ಕಾಲನ್ನು ಗಮನಿಸಿ.

ಮೂಲ ಎಲ್‌ಪಿಯಲ್ಲಿ ಇದ್ದದ್ದು ಐದು ರಚನೆ. ಕೊನೆಯದು ‘ಬೋತ್ ಬ್ಯಾರಲ್ಸ್’. ಸಿಡಿ ತಂದವರು ಅದರ ಬೆನ್ನಿಗೆ ಆರನೆಯದೊಂದನ್ನು ಸೇರಿಸಿದರು. ಅದು ಜಾನಿ ಹ್ಯಾಮಂಡ್ ಸ್ಮಿತ್ ಅವರ ಆರ್ಗನ್ ಇರುವ ಬೇರೆಯೇ ಧ್ವನಿಮುದ್ರಣ. ಮೇಳ ಬೇರೆ, ಹದ ಬೇರೆ. ಕೊಳಲು ಕಟ್ಟಿಕೊಟ್ಟ ತಿಳಿತನದ ಮೇಲೆ ಆರ್ಗನ್ನಿನ ದಟ್ಟ ನಾದ ಬಂದು ಕೂರುತ್ತದೆ.

ಇದನ್ನು ಕೇಳಿದಾಗ ನಮ್ಮ ಸಂಗೀತದ ಮೇಷ್ಟ್ರು ನೆನಪಾಗುತ್ತಾರೆ. ಕಛೇರಿಯ ಕೊನೆಗೆ ಮಂಗಳ ಹಾಡಿದ ಮೇಲೆ ಅವರು ಶ್ರುತಿಪೆಟ್ಟಿಗೆ ಮುಚ್ಚಿಬಿಡುತ್ತಿದ್ದರು. ಒಮ್ಮೆ ರಾಮೋತ್ಸವದಲ್ಲಿ ಊರ ಹಿರಿಯರೇ ಎದ್ದು ನಿಂತು, ಇನ್ನೊಂದು ದೇವರನಾಮ ಆಗಲಿ ಎಂದರು. ಮೇಷ್ಟ್ರು ಕೈಮುಗಿದರು. ‘ನಾಳೆ ಬನ್ನಿ, ಅದರಿಂದಲೇ ಶುರು ಮಾಡ್ತೀನಿ’ ಎಂದರು. ಹಾಗೇ ಮಾಡಿದರು ಕೂಡ. ಕಛೇರಿಗೂ ಒಂದು ಮೈಕಟ್ಟು ಇರುತ್ತದೆ ಎಂದು ನಾನು ಕಲಿತದ್ದು ಅವರಿಂದ.

ಆದರೆ ಮೇಷ್ಟ್ರಿಗೆ ನಾಳೆ ಎಂಬುದಿತ್ತು. ಆಲ್ಬಮ್ ಮುದ್ರಿಸಿದ ಏಳು ತಿಂಗಳಿಗೆ ವಿಂಚೆಸ್ಟರ್ ಇರಲಿಲ್ಲ. ಬಿಟ್ಟುಹೋದದ್ದೇ ಬೆರಳೆಣಿಕೆಯಷ್ಟು ಧ್ವನಿತಟ್ಟೆಗಳಾದಾಗ, ಅದರಲ್ಲೊಂದು ತುಣುಕನ್ನು ಹೊರಗಿಡಿ ಎನ್ನಲು ನನಗೇನು ಅಧಿಕಾರ? ಆ ಆರನೆಯದು ಇಲ್ಲಿ ಸೇರದಿದ್ದರೆ ನನ್ನ ಕಿವಿಗೆ ಬೀಳುತ್ತಿತ್ತೇ? ಕೃತಿಯ ಮರ್ಯಾದೆ ದೊಡ್ಡದೋ, ಕಲಾವಿದನ ನೆನಪೋ?

ಈಗ ಐದನ್ನೂ ಮೂಲದ ಕ್ರಮದಲ್ಲೇ ಕೇಳಿಸುತ್ತೇನೆ. ಆರನೆಯದು ಬೇಕೋ ಬೇಡವೋ, ಕೇಳಿದ ಮೇಲೆ ನೀವೇ ಹೇಳಿ.